ಬಾಲಕನ ಕಣ್ಣಿನಲ್ಲಿ ‘ಘಟಶ್ರಾದ್ಧ’

ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಯುವ ನಿಮ್ಮ ಮಗಳು ‘ಇಂದು ತರಗತಿಯಲ್ಲಿ ಸಿನಿಮಾ ನೋಡಿದೆವು’ ಎಂದರೆ ಬೇಸರಪಡಬೇಡಿ. ಕಥನಶಾಸ್ತ್ರಕ್ಕೆ ಕಾದಂಬರಿಯಂತೆ ಚಲನಚಿತ್ರವೂ ಪಠ್ಯವೇ. ಕಥೆ ಯಾವುದು ಎಂಬುದಕ್ಕಿಂತ ಅದನ್ನು ಹೇಗೆ ನಿರೂಪಿಸಲಾಗಿದೆ ಎಂಬುದೇ ಈ ಶಾಸ್ತ್ರದ ಮುಖ್ಯ ವಿಚಾರ. ಫ್ರಾನ್ಸಿನ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ತೋರಿಸಿದರು: ಕಥೆಯನ್ನು ಹೇಳುವವರು ಯಾರು? ಅದರೊಳಗೆ ನೋಡುವವರು ಯಾರು?

ಎರಡನೆಯ ಪ್ರಶ್ನೆಯ ಮಹತ್ವವನ್ನು ಅರಿಯಲು ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ ‘ಘಟಶ್ರಾದ್ಧ’ (1977) ತಕ್ಕ ನಿದರ್ಶನ. ಸ್ವರ್ಣಕಮಲ ಪಡೆದ ಈ ಕಪ್ಪುಬಿಳುಪು ಚಿತ್ರದಲ್ಲಿ ನಾಣಿ ಎಂಬ ಬಾಲಕ ವೇದಪಾಠಶಾಲೆಗೆ ಬಂದು ಸೇರುತ್ತಾನೆ. ಹಿರಿಯ ವಿದ್ಯಾರ್ಥಿಗಳ ಕಾಟದಿಂದ ನಲುಗಿದ ಅವನನ್ನು ಗುರುಗಳ ಮಗಳು, ತರುಣಿ ವಿಧವೆ ಯಮುನಾ, ತಾಯಿಯಂತೆ ಆದರಿಸುತ್ತಾಳೆ. ಅವಳು ಗರ್ಭಿಣಿಯೆಂಬುದು ಬಯಲಾದಾಗ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಬಹಿಷ್ಕರಿಸುತ್ತಾನೆ.

ಊರ ಹಿರಿಯರ ದೃಷ್ಟಿಯಿಂದ ಹೇಳಿದ್ದರೆ ಇದೇ ಘಟನಾವಳಿ ತಪ್ಪು ಮತ್ತು ಶಿಕ್ಷೆಯ ವರದಿಯಾಗುತ್ತಿತ್ತು. ಕಾಸರವಳ್ಳಿಯವರು ಬಹುಮಟ್ಟಿಗೆ ನಮ್ಮನ್ನು ನಾಣಿಯ ಪಕ್ಕದಲ್ಲಿ ನಿಲ್ಲಿಸುತ್ತಾರೆ. ದೊಡ್ಡವರ ಪಿಸುಮಾತು ಅವನಿಗೆ ಅರ್ಧವಷ್ಟೇ ಅರ್ಥವಾಗುತ್ತದೆ; ಯಮುನಕ್ಕನ ಅಕ್ಕರೆ ಮಾತ್ರ ಪೂರ್ಣವಾಗಿ ತಿಳಿದಿದೆ. ಲೇಖಕನಾದರೆ ಪಾತ್ರದ ಅಂತರಂಗವನ್ನು ಒಂದು ವಾಕ್ಯದಲ್ಲಿ ಬರೆಯಬಲ್ಲ. ಕ್ಯಾಮೆರಾ ಹೊರಗಿನದನ್ನೇ ತೋರಿಸಬೇಕು. ಆದ್ದರಿಂದ ಇಲ್ಲಿ ಬಾಲಕನ ಮುಖದ ಭಯವೇ ನಮಗೆ ವ್ಯಾಖ್ಯಾನವಾಗುತ್ತದೆ. ತೀರ್ಪು ನೀಡಲು ಸಿದ್ಧರಾಗಿ ಕುಳಿತ ನಾವು ಅವಳಿಗಾಗಿ ಮರುಗುತ್ತೇವೆ.

ಆದರೆ ಈ ಮರುಕಕ್ಕೂ ಮಿತಿಯುಂಟು. ಕೊನೆಯಲ್ಲಿ ತಂದೆಯೊಡನೆ ಊರು ಬಿಡುವ ನಾಣಿ, ತಲೆ ಬೋಳಿಸಿಕೊಂಡು ಮರದಡಿ ಒಂಟಿಯಾಗಿ ಕುಳಿತ ಯಮುನಕ್ಕನನ್ನು ಕಾಣುತ್ತಾನೆ. ಕಂಡೂ ಮುಂದೆ ಸಾಗಬೇಕಾಗುತ್ತದೆ. ಚಿಕ್ಕ ಮಗು ಮತ್ತೇನು ಮಾಡೀತು? ಅವನೊಡನೆ ಎಲ್ಲವನ್ನೂ ನೋಡಿದ ನಾವಾದರೋ ಮಕ್ಕಳಲ್ಲ. ಚಿತ್ರದ ಅತ್ಯಂತ ಕಠಿಣವಾದ ಪ್ರಶ್ನೆ ಇದೆಂದು ನನ್ನ ಭಾವನೆ.

ಇದನ್ನು ಅನ್ಯರ ಆಚಾರದ ದೋಷವೆಂದು ತಳ್ಳಿಹಾಕುವುದು ಸುಲಭ. ಎಡವಿದ ಹೆಣ್ಣುಮಗಳ ಸುದ್ದಿ ನಮ್ಮ ಧರ್ಮಕೇಂದ್ರದ ಅಂಗಳದಲ್ಲೂ ಬಾಯಿಂದ ಬಾಯಿಗೆ ಹರಿಯುವುದಿಲ್ಲವೇ? ಅದು ನಿಮ್ಮ ಮನೆಬಾಗಿಲಿಗೆ ಬಂದಾಗ, ಇದನ್ನು ಕಂಡವರು ಯಾರು, ಎಲ್ಲಿ ನಿಂತು ಕಂಡರು ಎಂದು ವಿಚಾರಿಸಿರಿ. ಅವಳನ್ನು ಪ್ರೀತಿಸುವ ಒಂದು ಮಗು ಅದೇ ಕಥೆಯನ್ನು ಹೇಗೆ ಹೇಳುತ್ತಿತ್ತೆಂದೂ ಯೋಚಿಸಿರಿ. ನಿಮ್ಮ ಮಗಳು ತರಗತಿಯಲ್ಲಿ ಕಲಿಯುತ್ತಿರುವ ಪಾಠ ಇದೇ.