ಅನುಕರಣದಿಂದ ಕಂಟೇನರ್ ನಿರ್ಮಾಣ: ಒಂದು ವಿಮರ್ಶೆ

ತಂತ್ರಾಂಶವನ್ನು ಅದಕ್ಕೆ ಬೇಕಾದ ಪರಿಕರಗಳೊಡನೆ ಒಂದೇ ಕಟ್ಟಾಗಿ ಕಟ್ಟಿ, ಬೇಕಾದೆಡೆಗೆ ಕಳುಹಿಸುವ ಕಂಟೇನರ್ ಪದ್ಧತಿಯು 2013ರಲ್ಲಿ ಡಾಕರ್ ಪ್ರಕಟವಾದಂದಿನಿಂದ ಬಹುವಾಗಿ ಹರಡಿದೆ. ಆದರೆ ಕಂಟೇನರು ಪ್ರೊಸೆಸರನ್ನು ತನ್ನೊಡನೆ ಒಯ್ಯತಕ್ಕದ್ದಲ್ಲ. ಎಕ್ಸ್86 ಜಾತಿಗೆಂದು ಸಿದ್ಧವಾದ ಆಜ್ಞೆಗಳು ಆರ್ಮ್ ಜಾತಿಯ ಪ್ರೊಸೆಸರಿಗೆ ತಿಳಿಯವು. 2018ರಲ್ಲಿ ಅಮೆಜಾನ್ ಸಂಸ್ಥೆಯ ಗ್ರಾವಿಟಾನ್, 2020ರಲ್ಲಿ ಆಪಲ್ ಸಂಸ್ಥೆಯ ಎಂ1 ಬಂದ ಮೇಲೆ ಈ ಭೇದವನ್ನು ಕಡೆಗಣಿಸುವುದು ಯಾರಿಗೂ ಸಾಧ್ಯವಾಗಲಿಲ್ಲ. ಇದಕ್ಕೆ ಪರಿಹಾರವಾಗಿ ಬಳಕೆಗೆ ಬಂದಿರುವ ಅನುಕರಣ ಮಾರ್ಗದ ಗುಣದೋಷಗಳನ್ನು ಇಲ್ಲಿ ವಿಚಾರಿಸೋಣ.

ಫ್ಯಾಬ್ರಿಸ್ ಬೆಲ್ಲಾರ್ ಎಂಬವರು ರಚಿಸಿದ ಕ್ಯೂಎಮು ಈ ಮಾರ್ಗಕ್ಕೆ ಮೂಲಾಧಾರ. ಲಿನಕ್ಸ್ ಕರ್ನೆಲಿನ ಬಿನ್‌ಫಮ್ಟ್-ಮಿಸ್ಕ್ ಎಂಬ ಅಂಗವು ಕಡತದ ಮೊದಲ ಕೆಲವು ಬೈಟುಗಳನ್ನು ನೋಡಿ, ಅದು ಅನ್ಯ ಜಾತಿಯದೆಂದು ಗುರುತಿಸಿ, ಕ್ಯೂಎಮುವಿನ ವಶಕ್ಕೆ ಒಪ್ಪಿಸುವುದು. ಕ್ಯೂಎಮು ಆಜ್ಞೆಗಳನ್ನು ಖಂಡಖಂಡವಾಗಿ ಭಾಷಾಂತರಿಸಿ ನಡೆಸುವುದು. 2019ರಲ್ಲಿ ಬಂದ ಬಿಲ್ಡ್‌ಎಕ್ಸ್ ಎಂಬ ಸಾಧನದಿಂದ ಒಂದೇ ಅಪ್ಪಣೆಯಲ್ಲಿ ಹಲವು ಜಾತಿಗಳ ಕಟ್ಟುಗಳನ್ನು ನಿರ್ಮಿಸಿ, ಅವೆಲ್ಲಕ್ಕೂ ಒಂದೇ ಸೂಚಿಯನ್ನು ಪ್ರಕಟಿಸಬಹುದು. ನಿರ್ಮಾಣದ ವಿಧಿಯನ್ನು ತಿದ್ದಬೇಕಾಗಿಲ್ಲ. ಎರಡನೆಯ ಯಂತ್ರವನ್ನು ಕೊಳ್ಳಬೇಕಾಗಿಲ್ಲ. ಇದು ಅಲ್ಪವಾದ ಉಪಕಾರವಲ್ಲ.

ದೋಷಗಳಲ್ಲಿ ಎಲ್ಲರೂ ಹೇಳತಕ್ಕದ್ದು ನಿಧಾನ. ಕಂಪೈಲರಿನಂಥ ಶ್ರಮದ ಕಾರ್ಯವನ್ನು ಭಾಷಾಂತರದ ಮೂಲಕ ನಡೆಸಿದರೆ ಕಾಲವು ಹಲವು ಪಟ್ಟು ಬೆಳೆಯುವುದು. ಆದರೆ ನಿಧಾನವು ಕಣ್ಣಿಗೆ ಕಾಣುವ ದೋಷ. ಕಾಣದ ದೋಷಗಳೇ ಹೆಚ್ಚು ವಿಚಾರಾರ್ಹವಾದುವು. ಅವುಗಳಲ್ಲಿ ಎರಡನ್ನು ಹೇಳುವೆವು.

ಮೊದಲನೆಯದು: ಅನುಕರಣವಿರುವ ಯಂತ್ರವು ಎರಡು ಜಾತಿಗಳ ಕಡತಗಳನ್ನೂ ನಡೆಸಬಲ್ಲುದು. ಆರ್ಮ್‌ಗೆಂದು ಕಟ್ಟುತ್ತಿರುವ ಕಂಟೇನರಿನೊಳಗೆ, ಹೊರಗಿನ ಪುಸ್ತಕಭಂಡಾರಗಳನ್ನು ನೆಚ್ಚದ ಎಕ್ಸ್86 ಕಡತವೊಂದು ಅಜಾಗ್ರತೆಯಿಂದ ಸೇರಿತೆನ್ನೋಣ. ನಿರ್ಮಾಣಕಾಲದಲ್ಲಿ ಅದು ನಿರ್ವಿಘ್ನವಾಗಿ ನಡೆಯುವುದು. ಸೂಚಿಯೂ ಅದನ್ನು ಆರ್ಮ್ ಎಂದೇ ಸಾರುವುದು, ಏಕೆಂದರೆ ಸೂಚಿಯು ಕಟ್ಟಿದವನ ಹೇಳಿಕೆಯೇ ಹೊರತು ಒಳಗಿನ ವಸ್ತುವಿನ ಪರೀಕ್ಷೆಯಲ್ಲ. ನಿಜವಾದ ಆರ್ಮ್ ಯಂತ್ರದ ಮೇಲೆ ಮಾತ್ರ ಅದು ಮುಗ್ಗರಿಸುವುದು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಸ್ಮೃತಿಯಲ್ಲಿ ಬರೆದುದು ಇತರ ಕೋರ್‌ಗಳಿಗೆ ಯಾವ ಕ್ರಮದಲ್ಲಿ ಕಾಣಬೇಕೆಂಬ ನಿಯಮವು ಎಕ್ಸ್86ರಲ್ಲಿ ಬಿಗಿ, ಆರ್ಮ್‌ನಲ್ಲಿ ಸಡಿಲ. ಕ್ರಮವನ್ನು ತಪ್ಪಾಗಿ ನಂಬಿದ ಕ್ರಮವಿಧಿಯೊಂದು ಎಕ್ಸ್86ರ ಮೇಲಿನ ಅನುಕರಣದಲ್ಲಿ ಸರಿಯಾಗಿ ನಡೆದು, ನಿಜವಾದ ಆರ್ಮ್‌ನ ಮೇಲೆ ಎಂದೋ ಒಮ್ಮೆ ಕೆಡಬಹುದು. ಆದಕಾರಣ ಅನುಕರಣದಲ್ಲಿ ಗೆದ್ದ ಪರೀಕ್ಷೆಯನ್ನು ಪ್ರಮಾಣವೆಂದು ಎಣಿಸಲಾಗದು.

ಹಾಗಾದರೆ ಈ ಮಾರ್ಗವು ತ್ಯಾಜ್ಯವೆ? ಅಲ್ಲ, ಅದಕ್ಕೆ ಸಲ್ಲುವ ಸ್ಥಾನವನ್ನು ಗೊತ್ತುಮಾಡಬೇಕು. ಗೋ ಭಾಷೆಯಂತೆ ಅನ್ಯ ಜಾತಿಗೆ ನೇರವಾಗಿ ಕಡತವನ್ನು ಸಿದ್ಧಪಡಿಸಬಲ್ಲ ಕಂಪೈಲರು ಇರುವೆಡೆ, ಅದನ್ನು ಸ್ವಜಾತಿಯ ಪ್ರೊಸೆಸರಿನ ಮೇಲೆಯೇ ನಡೆಸುವುದು ಲೇಸು. ಪರಿಕರಗಳನ್ನು ಅಳವಡಿಸುವಂಥ ಲಘುಕಾರ್ಯಗಳನ್ನು ಅನುಕರಣಕ್ಕೆ ಬಿಡಬಹುದು. ಪರೀಕ್ಷೆಯಾದರೋ ನಿಜವಾದ ಯಂತ್ರದ ಮೇಲೆಯೇ ಆಗತಕ್ಕದ್ದು. ಆ ಪರೀಕ್ಷೆಯಿಲ್ಲದೆ ಸೂಚಿಯಲ್ಲಿ ಒಂದು ಜಾತಿಯ ಹೆಸರನ್ನು ಬರೆಯುವುದು, ತಾನು ನೋಡದ ವಸ್ತುವಿಗೆ ಸಾಕ್ಷಿ ನುಡಿದಂತೆ. ಅದರ ಫಲವನ್ನು ಉಣ್ಣುವವನು ಕಟ್ಟಿದವನಲ್ಲ, ಹೆಸರನ್ನು ನಂಬಿ ಕಟ್ಟನ್ನು ತರಿಸಿಕೊಂಡವನು.