ನಾಣ್ಯದ ಹಿಂಬದಿ

ರೋಮನ್ ಬೆಳ್ಳಿ ನಾಣ್ಯಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮುಂಬದಿಯ ಮುಖವನ್ನೇ ಹೊಗಳುತ್ತಾರೆ. ಹೊಗಳುವಂಥದ್ದೇ ಅದು. ನಾಲ್ಕು ಗ್ರಾಮಿಗೂ ಕಡಿಮೆ ತೂಕದ ಬೆಳ್ಳಿಯ ಬಿಲ್ಲೆಯ ಮೇಲೆ ಅಗಸ್ಟಸ್ ಚಕ್ರವರ್ತಿಯ ನೇರ ಮೂಗು, ಕಿವಿಯ ಬಳಿಯ ಕೂದಲೆಳೆ, ತಲೆಗೆ ಸುತ್ತಿದ ಎಲೆಮಾಲೆಯ ಗಂಟು ಎಲ್ಲವೂ ಕಾಣುತ್ತವೆ. ಅರವತ್ತು ದಾಟಿದ ಮೇಲೂ ನಾಣ್ಯದಲ್ಲಿ ಅವನು ತರುಣನೇ. ಫೋಟೋ ತಿದ್ದಿ ಕೊಡುವ ಸ್ಟುಡಿಯೋದವರು ಆ ಕಾಲಕ್ಕೇ ಇದ್ದರೆಂದಾಯಿತು!

ನನ್ನನ್ನು ಕಾಡಿದ್ದು ಹಿಂಬದಿ. ಈಗಿನ ಫ್ರಾನ್ಸಿನ ಲಿಯಾನ್ ನಗರದ ಟಂಕಸಾಲೆಯಲ್ಲಿ ಕ್ರಿ.ಪೂ. 2ರಿಂದ ಅಚ್ಚಾದ ಡಿನೇರಿಯಸ್ ಅದು. ಟೋಗಾ ಹೊದ್ದ ಇಬ್ಬರು ಹುಡುಗರು ನಿಂತಿದ್ದಾರೆ, ನಡುವೆ ಗುರಾಣಿಗಳು, ಈಟಿಗಳು. ಇವರು ಗಾಯಸ್ ಮತ್ತು ಲೂಸಿಯಸ್, ಅಗಸ್ಟಸನ ಮಕ್ಕಳು, ಮುಂದೆ ಕಾನ್ಸುಲ್ ಪದವಿ ಏರಲಿರುವವರು, ತರುಣರ ನಾಯಕರು ಎಂದು ಸುತ್ತಲಿನ ಬರಹ ಹೇಳುತ್ತದೆ. ಆದರೆ ಅವರು ಅವನ ಮಕ್ಕಳಲ್ಲ. ಮಗಳು ಜೂಲಿಯಾಳ ಮಕ್ಕಳು. ಗಂಡು ಸಂತಾನವಿಲ್ಲದ ಅಜ್ಜ ಕ್ರಿ.ಪೂ. 17ರಲ್ಲಿ ಇಬ್ಬರನ್ನೂ ದತ್ತು ತೆಗೆದುಕೊಂಡಿದ್ದ. ಲ್ಯಾಟಿನ್ನಿನಲ್ಲಿ ಮಗ ಎನ್ನುವುದಕ್ಕೆ ನಾಣ್ಯದ ಮೇಲೆ ಒಂದೇ ಅಕ್ಷರ, ‘ಎಫ್’. ಹೆತ್ತವಳನ್ನು ಅಳಿಸಲು ಅಷ್ಟು ಸಾಕಾಯಿತು.

ದತ್ತಕದ ರೂಢಿಯೇ ಹಾಗೆ ಎಂದು ಸುಮ್ಮನಾಗಬಹುದಿತ್ತು. ಆದರೆ ಕ್ರಿ.ಪೂ. 13ರಲ್ಲಿ ರೋಮಿನಲ್ಲಿ ಅಚ್ಚಾದ ಇನ್ನೊಂದು ಡಿನೇರಿಯಸ್ ಇದೆಯಲ್ಲ! ಅದರಲ್ಲಿ ನಡುವೆ ಜೂಲಿಯಾಳ ಮುಖ, ಅತ್ತ ಇತ್ತ ಎರಡು ಮಕ್ಕಳ ಮುಖ, ಅವಳ ತಲೆಯ ಮೇಲೆ ಎಲೆಗಳ ಕಿರೀಟ. ವಂಶಕ್ಕೆ ಗಂಡು ಕೊಟ್ಟವಳೆಂದು ಸಿಕ್ಕಿದ ಜಾಗ. ಕ್ರಿ.ಪೂ. 2ರಲ್ಲಿ, ಅಂದರೆ ಹುಡುಗರ ನಾಣ್ಯ ಶುರುವಾದ ವರ್ಷವೇ, ವ್ಯಭಿಚಾರದ ಆರೋಪದ ಮೇಲೆ ಹೆತ್ತ ತಂದೆಯೇ ಅವಳನ್ನು ಪಾಂಡಟೇರಿಯಾ ಎಂಬ ಪುಟ್ಟ ದ್ವೀಪಕ್ಕೆ ಗಡೀಪಾರು ಮಾಡಿದ. ಅವಳ ಜೊತೆಗೆ ತಾನಾಗಿ ಹೋದವಳು ತಾಯಿ ಸ್ಕ್ರಿಬೋನಿಯಾ. ಜೂಲಿಯಾ ಹುಟ್ಟಿದ ದಿನವೇ ಅಗಸ್ಟಸ್ ಬಿಟ್ಟಿದ್ದ ಹೆಂಡತಿ ಅವಳು. ದ್ವೀಪದಲ್ಲಿ ತಾಯಿ, ಮಗಳು; ಸಾಮ್ರಾಜ್ಯದ ಪೇಟೆಗಳಲ್ಲಿ ಕೈಯಿಂದ ಕೈಗೆ ಅವಳ ಮಕ್ಕಳು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ತೀರಿಕೊಂಡರು. ಜೂಲಿಯಾ ಇದ್ದದ್ದು 14ರ ತನಕ.

ಆಮೇಲೆ ಪಟ್ಟಕ್ಕೆ ಬಂದ ಟೈಬೀರಿಯಸ್ ಅವಳ ಮೂರನೆಯ ಗಂಡ. ಅವನ ನಾಣ್ಯದ ಹಿಂಬದಿಯಲ್ಲಿ ರಾಜದಂಡ, ಎಲೆಗೊಂಚಲು ಹಿಡಿದು ಕೂತ ಒಬ್ಬ ಹೆಂಗಸು ಇದ್ದಾಳೆ. ಅವನ ತಾಯಿ ಲಿವಿಯಾ ಎಂದು ಕೆಲವು ವಿದ್ವಾಂಸರು, ಶಾಂತಿದೇವತೆ ಎಂದು ಕೆಲವರು. ನನಗೆ ಈ ಚರ್ಚೆಗಿಂತ ಅವಳ ಸುತ್ತಲಿನ ಅಕ್ಷರ ಮುಖ್ಯ. ಅಲ್ಲಿರುವುದು ಅವಳ ಹೆಸರಲ್ಲ, ಮಗನ ‘ಮಹಾಪುರೋಹಿತ’ ಎಂಬ ಬಿರುದು. ಮನೆಯ ಮುಂದಿನ ಹೆಸರಿನ ಫಲಕ ನೆನಪಾಗುವುದಿಲ್ಲವೇ? ಕ್ರಿ.ಶ. 29ರಲ್ಲಿ ತಾಯಿ ಸತ್ತಾಗ ಈ ಮಗ ಅಂತ್ಯಕ್ರಿಯೆಗೂ ಬರಲಿಲ್ಲ. ಕೆತ್ತಿದವನ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ಆ ಕೂತ ಭಂಗಿಯಲ್ಲಿ ನಿಜವಾದ ಗಾಂಭೀರ್ಯವಿದೆ. ಆದರೆ ಅದು ಯಾರಿಗೂ ಸೇರದ ಗಾಂಭೀರ್ಯ.

ಇದೆಲ್ಲ ದೂರದ ಕಥೆ ಎನ್ನಬೇಡಿ. ವ್ಯಾಪಾರದ ಬೆನ್ನು ಹತ್ತಿ ಬಂದ ಇಂಥ ಬೆಳ್ಳಿ 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರಾಶಿಯಾಗಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದೆ. ದಕ್ಷಿಣ ಭಾರತದಲ್ಲಿ ದೊರೆತ ರೋಮನ್ ಬೆಳ್ಳಿಯಲ್ಲಿ ಈ ಹುಡುಗರ ನಾಣ್ಯ ಮತ್ತು ಈ ಹೆಂಗಸಿನ ನಾಣ್ಯದ್ದೇ ಬಹುಪಾಲು. ಭಾರತದಲ್ಲೇ ಮಾಡಿದ ನಕಲುಗಳೂ ಇವೆ. ಅವುಗಳ ಸೊಗಸೇ ಬೇರೆ. ಲ್ಯಾಟಿನ್ ಬಾರದ ನಮ್ಮ ಅಚ್ಚುಗಾರ ಅಕ್ಷರಗಳಿದ್ದ ಕಡೆ ಗೀಟು, ಸೊನ್ನೆ ಎಳೆದುಬಿಟ್ಟಿದ್ದಾನೆ. ಯಾರ ಮಕ್ಕಳೆಂಬ ಮಾತೇ ಅಲ್ಲಿಲ್ಲ. ಗುರಾಣಿ ಹಿಡಿದು ನಿಂತ ಇಬ್ಬರು ಹುಡುಗರು, ಅಷ್ಟೇ.