ಮುಫ್ಲಿಸಿ: ಅವಳೋ, ಅದೋ?

ನಜೀರ್ ಅಕ್ಬರಾಬಾದಿಯ ‘ಮುಫ್ಲಿಸಿ’ಯನ್ನು ಕನ್ನಡಕ್ಕೆ ತರೋಣ ಅಂತ ಒಮ್ಮೆ ಕೂತೆ. ಮೊದಲ ನುಡಿಯಲ್ಲೇ ಸಿಕ್ಕಿಬಿದ್ದೆ. ಸಿಕ್ಕಿದ್ದು ಕಷ್ಟದ ಫಾರ್ಸಿ ಪದಕ್ಕಲ್ಲ, ‘ಸುಲಾನಾ’ ಅನ್ನೋ ಮನೆಮಾತಿಗೆ. ಸುಲಾನಾ ಅಂದರೆ ಮಲಗಿಸೋದು. ಹಸಿದವನನ್ನು ರಾತ್ರಿ ಮಲಗಿಸುವ ಕೆಲಸವನ್ನು ಕವಿ ಬಡತನಕ್ಕೇ ವಹಿಸಿದ್ದಾನೆ.

ಉರ್ದುವಿನಲ್ಲಿ ಮುಫ್ಲಿಸಿ ಸ್ತ್ರೀಲಿಂಗ. ಹಾಗಾಗಿ ಬರುವವಳು, ಕಾಡುವವಳು, ಮಲಗಿಸುವವಳು ಎಲ್ಲ ಅವಳೇ. ಮನೆಯಲ್ಲಿ ಮಕ್ಕಳನ್ನು ಮಲಗಿಸೋದು ಯಾರ ಕೆಲಸ ಅಂತ ನಿಮಗೆ ಗೊತ್ತು. ಅಮ್ಮಿಯ ಜಾಗದಲ್ಲಿ ಬಂದು ಕೂತಿದ್ದಾಳೆ ಈಕೆ. ಐದೈದು ಸಾಲಿನ ಮುಖಮ್ಮಸ್ ಇದು. ನುಡಿನುಡಿಯ ಕೊನೆಗೂ ಅದೇ ಹೆಸರು, ಬಂದು ಹೋಗಲೊಲ್ಲದ ನೆಂಟರ ಹಾಗೆ. ಈಗ ಕನ್ನಡದಲ್ಲಿ ಹೇಳಿ ನೋಡಿ. ‘ಬಡತನ ಮಲಗಿಸುತ್ತದೆ’ ಅಂದರೆ ಜ್ವರವೋ ಮಳೆಯೋ ಆಗಿಬಿಡುತ್ತದೆ. ‘ಮಲಗಿಸುತ್ತಾಳೆ’ ಅಂದರೆ ನಾಟಕದ ಪಾತ್ರ. ಉರ್ದುವಿನಲ್ಲಿ ಗರೀಬಿ, ದೋಸ್ತಿ, ದುಶ್ಮನಿ ಎಲ್ಲವೂ ಸ್ತ್ರೀಲಿಂಗವೇ, ಇದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ವಿಶೇಷವಿಲ್ಲ, ನಿಜ. ಆದರೆ ಅವಳಿಗೆ ಕೊಡಲು ಮನೆಗೆಲಸವನ್ನೇ ಆರಿಸಿಕೊಂಡದ್ದು ವ್ಯಾಕರಣವಲ್ಲ, ನಜೀರ್.

ಇವನನ್ನು ಬಜಾರಿನವರ ಕವಿ ಅಂತ ಶೇಫ್ತಾ ತನ್ನ ತಜ್ಕಿರಾದಲ್ಲಿ ಬದಿಗೆ ಸರಿಸಿದ್ದ. ಗಜಲಿನಲ್ಲಿ ಚಂದ್ರ ಅಂದರೆ ಪ್ರಿಯತಮೆಯ ಮುಖ. ನಜೀರನ ‘ರೋಟಿಯಾಂ’ನ ಫಕೀರನಿಗೆ ಚಂದ್ರ, ಸೂರ್ಯರ ಜಾಗದಲ್ಲೂ ರೊಟ್ಟಿಯೇ ಕಾಣುತ್ತದೆ. ಶೇಫ್ತಾನಿಗೆ ಹಿಡಿಸದಿದ್ದರೆ ಆಶ್ಚರ್ಯವೇನು!

ಲಂಕೇಶರ ‘ಅವ್ವ’ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಬಡತನ ಪಾತ್ರವಾಗಿ ಬರುವುದೇ ಇಲ್ಲ. ಅವ್ವನೇ ಕಪ್ಪು ನೆಲ, ಮಕ್ಕಳನ್ನು ಹೊತ್ತ ಕರಡಿ, ನೊಂದ ನಾಯಿ, ಕೆರೆದಾಡುವ ಕೋತಿ. ತಾಯಿಯ ಪಾದದಡಿ ಜನ್ನತ್ ಅಂತ ಕೇಳಿ ಬೆಳೆದ ನನಗೆ ಆ ಕೋತಿ ಮೊದಲ ಓದಿನಲ್ಲಿ ಸಹಿಸಲಿಲ್ಲ. ಪುಸ್ತಕ ಮುಚ್ಚಿಟ್ಟೆ. ಆಮೇಲೆ ನೆನಪಾದದ್ದು ನಮ್ಮ ಅಮ್ಮಿ. ಈದಿನ ಹಿಂದಿನ ದಿನ ಎರಡು ರೂಪಾಯಿಗೆ ತರಕಾರಿಯವನ ಜೊತೆ ಬೀದಿ ಕೇಳುವ ಹಾಗೆ ಜಗಳ ಆಡುತ್ತಿದ್ದಳು. ನಾನು ನಾಚಿಕೆಯಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದೆ. ಲಂಕೇಶರು ದೂರ ನಿಲ್ಲಲಿಲ್ಲ. ಸಣ್ಣತನ, ಗೊಣಗಾಟ, ಕೂಡಿಟ್ಟ ಕಾಸು, ಎಲ್ಲವೂ ಮನೆ ಉಳಿಸೋ ಲೆಕ್ಕದ ಭಾಗ ಅಂತ ಅವರಿಗೆ ಗೊತ್ತಿತ್ತು.

ನಜೀರನ ರೂಪಕದಲ್ಲಿ ತಪ್ಪೆಲ್ಲ ಮುಫ್ಲಿಸಿಯದು, ಮನೆಯವರು ಪಾಪದವರು. ಲಂಕೇಶರ ಉಪಮೆಗಳು ಬಡತನವನ್ನು ಮನೆಯವರ ಮೈಗೇ ಅಂಟಿಸಿ ತೋರಿಸುತ್ತವೆ. ನನಗೆ ಈಗ ಎರಡನೆಯದೇ ಹೆಚ್ಚು ನಿಜ ಅನ್ನಿಸುತ್ತದೆ, ಓದಲು ಕಷ್ಟವಾದರೂ. ಪರೀಕ್ಷೆಯಲ್ಲಿ ‘ಇದು ಯಾವ ಅಲಂಕಾರ?’ ಅಂತ ಒಂದು ಅಂಕಕ್ಕೆ ಕೇಳುತ್ತೇವಲ್ಲ, ಅಲಂಕಾರ ಎಂಬ ಆ ಪದವೇ ಇಲ್ಲಿ ಹೊಂದುವುದಿಲ್ಲ.

ಅನುವಾದ ಇನ್ನೂ ಅರ್ಧಕ್ಕೇ ನಿಂತಿದೆ. ‘ಮುಫ್ಲಿಸಿ’ಯಲ್ಲಿ ಮೇಷ್ಟ್ರುಗಳ ಬಗ್ಗೆಯೂ ಒಂದು ನುಡಿ ಇದೆ: ಕೈ ಖಾಲಿಯಾದ ವಿದ್ವಾಂಸ ‘ಅಲಿಫ್’ ಕೇಳಿದರೆ ‘ಬೇ’ ಅನ್ನುತ್ತಾನೆ, ಬಡವರ ಮಕ್ಕಳಿಗೆ ಕಲಿಸುವವರನ್ನಂತೂ ಅವಳು ಜನ್ಮವಿಡೀ ಬಿಡುವುದಿಲ್ಲ. ಬರೆದವನು ಸ್ವತಃ ಆಗ್ರಾದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಆ ಒಂದು ನುಡಿ ಮಾತ್ರ ನನಗೆ ಒಂದೇ ಕೂಡುವಿಕೆಯಲ್ಲಿ ಕನ್ನಡಕ್ಕೆ ಬಂತು.